ಆಟಕ್ಕೆ ಒಂದು ಎಕರೆ ನೆಲ ಸಾಕು

ಚಿತ್ರದುರ್ಗದಲ್ಲಿ ವೀರವನಿತೆ ಒನಕೆ ಓಬವ್ವನ ಹೆಸರಿನ ಕ್ರೀಡಾಂಗಣವುಂಟು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೂ ಭಾರಿ ಕ್ರೀಡಾಂಗಣ ಕಟ್ಟಿಸಿಕೊಡುವೆವೆಂದು ಯಾರಾದರೂ ವೇದಿಕೆಯಿಂದ ಸಾರಿದರೆ ಚಪ್ಪಾಳೆ ಬೀಳುವುದು ಸಹಜ. ಆದರೆ ನಮ್ಮ ಕಾಲೇಜು ಹುಡುಗರ ಆಟಕ್ಕೆ ಮೊದಲು ಬೇಕಾದುದು ನೆಲವೋ, ಗ್ಯಾಲರಿಯೋ?

ಫುಟ್‌ಬಾಲ್ ಆಟದ ನಿಯಮವನ್ನೇ ನೋಡೋಣ. ಮೈದಾನ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲವಿರಬೇಕು. ಲೆಕ್ಕ ಹಾಕಿದರೆ ಇದು ಸರಿಸುಮಾರು ಒಂದು ಎಕರೆ. ಎಷ್ಟು ಜನ ಕೂತು ನೋಡಬೇಕೆಂದು ಆಟದ ನಿಯಮ ಕೇಳುವುದಿಲ್ಲ. ಅದನ್ನು ಕೇಳುವವರು ಹಣವಂತರು.

ಅಮೆರಿಕದಲ್ಲಿ ಹಾಗೆ ಕೇಳಿದರು. ಅಲ್ಲಿಯ ಕಾಲೇಜು ಫುಟ್‌ಬಾಲ್ ಬೇರೆ ಆಟ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಅದರ ಮೇಲಿನ ದರ್ಜೆಯಲ್ಲಿ ಉಳಿಯಬೇಕಾದರೆ ತವರಿನ ಪಂದ್ಯಕ್ಕೆ ಸರಾಸರಿ 15,000 ಜನ ಸೇರಲೇಬೇಕೆಂಬ ಕಟ್ಟಳೆ ಬಹುಕಾಲವಿತ್ತು. ಜನ ಬಾರದಿದ್ದರೂ ಟಿಕೆಟ್ ಮಾರಾಟವಾಗಿದ್ದರೆ ಸಾಕಿತ್ತು! 2023ರಲ್ಲಿ ಈ ಕಟ್ಟಳೆಯನ್ನು ತೆಗೆದರು. ಬಡ ಕಾಲೇಜುಗಳಿಗೆ ಬಾಗಿಲು ತೆರೆಯಿತೇ? ಇಲ್ಲ. ಅದೇ ವರ್ಷ ಮೇಲಿನ ದರ್ಜೆ ಸೇರುವ ಶುಲ್ಕವನ್ನು 5,000 ಡಾಲರಿನಿಂದ 50 ಲಕ್ಷ ಡಾಲರಿಗೆ ಏರಿಸಿದರು. ತಲೆ ಎಣಿಸುವುದನ್ನು ಬಿಟ್ಟು ನೇರವಾಗಿ ಥೈಲಿ ಎಣಿಸತೊಡಗಿದರು, ಅಷ್ಟೇ.

ನಮ್ಮ ನಾಡಿನ ಚರಿತ್ರೆ ಹೇಳುವುದೇ ಬೇರೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಆಡಿದ ಭಾರತ ತಂಡದಲ್ಲಿ ಹೆಚ್ಚಿನವರು ಬರಿಗಾಲಿನವರು. ಅಂದು ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಇಂಥ ಆಟಗಾರರನ್ನು ಬೆಳೆಸಿದ್ದು ಮೈದಾನದ ಮಣ್ಣೇ ಹೊರತು ಗ್ಯಾಲರಿಯ ಸಿಮೆಂಟಲ್ಲ.

ಮೈಸೂರು ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಮತ್ತೆ ಅದು ಕರ್ನಾಟಕದ ಕೈಸೇರಿದ್ದು 2023ರ ಮಾರ್ಚಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಆದರೆ ಆ ಅಂತಿಮ ಪಂದ್ಯ ನಡೆದುದೆಲ್ಲಿ? ಸೌದಿ ಅರೇಬಿಯದ ರಿಯಾದ್ ನಗರದ ಮಹಾ ಕ್ರೀಡಾಂಗಣದಲ್ಲಿ! ದಿನಗೂಲಿ ಬಿಟ್ಟು ಯಾವ ಕಾರ್ಮಿಕ ಅಲ್ಲಿಗೆ ಹೋದಾನು? ಕ್ರೀಡಾಂಗಣ ದೊಡ್ಡದಾದಷ್ಟೂ ಆಟ ನಮ್ಮಿಂದ ದೂರವಾಯಿತು.

ನೋಡುವ ಜನ ಬೇಡವೆಂದು ನಾವು ಹೇಳುತ್ತಿಲ್ಲ. ಪಂದ್ಯಕ್ಕೆ ಜನ ಸೇರಿದರೆ ಚಹದಂಗಡಿಯವನಿಗೆ, ಮಂಡಕ್ಕಿ ಮಾರುವವನಿಗೆ ನಾಲ್ಕು ಕಾಸು ಹುಟ್ಟುತ್ತದೆ. ಆದರೆ ಜನ ಬರುವುದು ಗ್ಯಾಲರಿ ನೋಡಲಿಕ್ಕಲ್ಲ, ತಮ್ಮ ಊರಿನ ಹುಡುಗ ಆಡುವುದನ್ನು ನೋಡಲಿಕ್ಕೆ. ಮೈದಾನದ ಸುತ್ತ ಹಗ್ಗ ಕಟ್ಟಿದರೆ ಅದಕ್ಕೆ ಸಾಕು.

ಆದುದರಿಂದ ನಮ್ಮ ಬೇಡಿಕೆ ಸರಳವಾದುದು. ಈ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಕಾಲೇಜೂ ತನ್ನ ಮೈದಾನದ ಉದ್ದಗಲವನ್ನು ಬಾಗಿಲಲ್ಲಿ ಬರೆದು ಹಾಕಲಿ. ಒಂದು ಎಕರೆ ಇಲ್ಲದ ಕಾಲೇಜಿಗೆ ಸರ್ಕಾರ ಮೊದಲು ನೆಲ ಕೊಡಲಿ. ಸಂಜೆಯ ಹೊತ್ತು ಕಾಲೇಜಿನ ಮೆಟ್ಟಿಲು ಹತ್ತದ ದುಡಿಯುವ ಹುಡುಗರಿಗೂ ಆ ಮೈದಾನ ತೆರೆದಿರಲಿ. ನೆಲ ಸಮ ಮಾಡಲು, ನೀರಿಗೆ, ಗೋಲುಕಂಬಕ್ಕೆ, ಚೆಂಡಿಗೆ ಮೊದಲ ಹಣ ಖರ್ಚಾಗಲಿ. ಗ್ಯಾಲರಿಯ ಮಾತು ಆಮೇಲೆ.

ಎಷ್ಟು ಜನ ಕೂತರು ಎಂಬುದಲ್ಲ, ಎಷ್ಟು ಜನ ಆಡಿದರು ಎಂಬುದೇ ಲೆಕ್ಕ. ನಮ್ಮ ಓದುಗರು ಮುಂದಿನ ಭಾನುವಾರ ಅಳತೆಯ ಟೇಪು ಹಿಡಿದು ತಮ್ಮೂರಿನ ಕಾಲೇಜಿಗೆ ಹೋಗಿ ಆ ಲೆಕ್ಕವನ್ನು ಶುರು ಮಾಡಲಿ.