ಪಾಠವೋ, ನಕಲೋ?

ಪದ್ಯವನ್ನೋದಿ, ಅನ್ವಯಾರ್ಥವನ್ನು ಹೇಳಿ, ಟಿಪ್ಪಣಿಯನ್ನು ಬರೆಯಿಸಿದರೆ ಪಾಠವಾಯಿತೆಂದು ನಮ್ಮ ಉಪಾಧ್ಯಾಯ ಮಹಾಶಯರಲ್ಲಿ ಅನೇಕರು ಭಾವಿಸಿರುವರು. ಅದು ಪಾಠವಲ್ಲ, ನಕಲು ಮಾಡಿಸುವಿಕೆ ಎಂದು ನಾವು ನಿಸ್ಸಂಕೋಚವಾಗಿ ಹೇಳುವೆವು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನೇ ತೆಗೆದುಕೊಳ್ಳೋಣ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿದ ಗ್ರಂಥಕಾರನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡೇ ಕನ್ನಡದ ತಿರುಳೆನ್ನುವನು. ಇದನ್ನು ಬಾಯಿಪಾಠ ಮಾಡಿಸಿದವರುಂಟು. 'ಈ ನಾಲ್ಕೇ ಊರುಗಳೇಕೆ?' ಎಂದು ತರಗತಿಯನ್ನು ಕೇಳಿದವರೆಷ್ಟು ಮಂದಿ? ಕೇಳಿದ ಬಳಿಕ ಸುಮ್ಮನಿರಬೇಕು; ನಮ್ಮವರಿಗೆ ಕಷ್ಟವಾದುದು ಅದೇ! 'ಹಾಗಾದರೆ ಕಾವೇರೀತೀರದ ನಮ್ಮ ನುಡಿ ತಿರುಳಲ್ಲವೇ?' ಎಂದು ಮೈಸೂರಿನ ಹುಡುಗನು ಸಿಡಿದೇಳುವನು. ಏಳಲಿ! ಪದ್ಯದ ಯಾವ ಮಾತಿನಿಂದ ಹಾಗೆಂದೆ, ತೋರಿಸು ಎಂದರೆ ಸಾಕು. ಉಳಿದವರು ಪುಸ್ತಕವನ್ನು ತಾವಾಗಿ ತೆರೆಯುವರು. ಬಳಿಕ ಹಳೆಯ ನಕ್ಷೆಯನ್ನು ಮುಂದಿಡಿರಿ. 1947ರಲ್ಲಿ ಕೊಪಣವೆಂಬ ಕೊಪ್ಪಳವು ನಿಜಾಮನದು, ಪುಲಿಗೆರೆಯಾದ ಲಕ್ಷ್ಮೇಶ್ವರವು ಮೀರಜ ಸಂಸ್ಥಾನದ್ದು, ಕಿಸುವೊಳಲಾದ ಪಟ್ಟದಕಲ್ಲು ಮುಂಬಯಿ ಪ್ರಾಂತದ್ದು. ತಿರುಳೇ ಮೂರು ತುಂಡಾಗಿದ್ದಿತೆಂಬುದನ್ನು ಮಕ್ಕಳು ತಾವೇ ಕಂಡುಕೊಂಡರೆ 1956ರ ನವೆಂಬರ್ 1 ಅವರಿಗೆ ಬರಿಯ ರಜೆಯ ದಿನವಾಗಿ ಉಳಿದೀತೇ? ಇದಕ್ಕೆಲ್ಲ ಹೊತ್ತೆಲ್ಲಿಯದೆನ್ನುವವರು ಟಿಪ್ಪಣಿ ಬರೆಯಿಸಲು ಹೊತ್ತನ್ನು ಎಲ್ಲಿಂದ ತರುತ್ತಾರೋ, ನಾವರಿಯೆವು.