ಆಮೆಮರಿಯ ಚಿಪ್ಪಿನ ಗುಬ್ಬು: ಒಣ ಹವೆಯೇ ಮುಖ್ಯ ಕಾರಣ

ಬೆಂಗಳೂರು: ಆಮೆ ಇರುವ ಮನೆಯಲ್ಲಿ ಐಶ್ವರ್ಯ ನೆಲೆಸುತ್ತದೆ ಎಂಬ ನಂಬಿಕೆ ಹಳೆಯದು. ಈಗ ಅದರ ಜೊತೆಗೆ ವಿದೇಶಿ ಪ್ರಾಣಿಗಳನ್ನು ಸಾಕುವ ಹೊಸ ಹವ್ಯಾಸವೂ ಸೇರಿಕೊಂಡಿದೆ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ನೆಲ ಆಮೆಯ ಮರಿಗಳು ನಗರದ ಮನೆಗಳ ಗಾಜಿನ ತೊಟ್ಟಿಗಳನ್ನು ಸೇರುತ್ತಿವೆ. ಆದರೆ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅನೇಕ ಮರಿಗಳ ಬೆನ್ನಿನ ಪ್ರತಿ ಫಲಕವೂ ಪುಟ್ಟ ಗೋಪುರದಂತೆ ಎದ್ದು ನಿಲ್ಲುತ್ತದೆ. ಇದನ್ನು ಜಾತಿಯ ಸಹಜ ಲಕ್ಷಣವೆಂದು ಮಾಲೀಕರು ಭಾವಿಸುವುದೂ ಉಂಟು. ವಾಸ್ತವವಾಗಿ ಬಹುತೇಕ ಸಂದರ್ಭಗಳಲ್ಲಿ ಇದು ಸಾಕಣೆಯ ದೋಷ.

ಸಂಶೋಧನೆ ಹೇಳುವುದೇನು?

ಆಮೆಯ ಬೆನ್ನು ಮೂಳೆಯ ಕವಚ. ಅದರ ಮೇಲೆ ನಮ್ಮ ಉಗುರಿನಲ್ಲಿರುವಂಥದೇ ಕೆರಾಟಿನ್ ಎಂಬ ವಸ್ತುವಿನ ಫಲಕಗಳಿರುತ್ತವೆ. ಮರಿ ಬೆಳೆದಂತೆ ಪ್ರತಿ ಫಲಕದ ಅಂಚಿನಲ್ಲಿ ಹೊಸ ಪದರ ಸೇರುತ್ತ ಹೋಗುತ್ತದೆ. ಈ ಪದರ ಅಡ್ಡಲಾಗಿ ಹರಡಿದರೆ ಚಿಪ್ಪು ನಯವಾಗಿರುತ್ತದೆ. ಮೇಲ್ಮುಖವಾಗಿ ಒತ್ತರಿಸಿದರೆ ಗುಬ್ಬು ಏಳುತ್ತದೆ.

ಹೆಚ್ಚಿನ ಪ್ರೋಟೀನ್ ಆಹಾರವೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಆಫ್ರಿಕಾದ ಸುಲ್ಕಾಟಾ ಆಮೆಯ 50 ಮರಿಗಳನ್ನು ಐದು ತಿಂಗಳ ಕಾಲ ಬೇರೆ ಬೇರೆ ಆರ್ದ್ರತೆ ಹಾಗೂ ಬೇರೆ ಬೇರೆ ಪ್ರೋಟೀನ್ ಪ್ರಮಾಣದಲ್ಲಿ ಬೆಳೆಸಲಾಯಿತು. ಒಣ ವಾತಾವರಣದ ಮರಿಗಳಲ್ಲಿ ಗುಬ್ಬುಗಳು ಎತ್ತರವಾಗಿ ಬೆಳೆದವು. ಆರ್ದ್ರತೆ ಶೇ 45ರಿಂದ 99ರವರೆಗೆ ಇದ್ದ ಗುಂಪಿನಲ್ಲಿ ಅವು ತಗ್ಗಾಗಿದ್ದವು. ಪ್ರೋಟೀನಿನ ಪ್ರಭಾವ ಅಲ್ಪವೆಂದು ಕಂಡುಬಂತು. ಒಣ ಗಾಳಿಗೆ ಸಿಕ್ಕ ಹೊಸ ಪದರ ಬೇಗ ಗಟ್ಟಿಯಾಗುವುದರಿಂದ ಮುಂದಿನ ಬೆಳವಣಿಗೆ ಹರಡಲಾರದೆ ದಿಕ್ಕು ಬದಲಿಸುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ನೀಡಲಾಗುವ ವಿವರಣೆ.

ಮರುಭೂಮಿಯಂಚಿನ ಪ್ರಾಣಿಗೆ ತೇವವೇಕೆ ಎಂಬ ಪ್ರಶ್ನೆ ಸಹಜ. ಬಯಲಿನಲ್ಲಿ ಓಡಾಡುವ ದೊಡ್ಡ ಆಮೆಯನ್ನು ಕಂಡು ಮರಿಯ ಅಗತ್ಯವನ್ನು ಅಳೆಯುವುದೇ ಇಲ್ಲಿನ ತಪ್ಪು. ಕಾಡಿನಲ್ಲಿ ಮರಿಗಳು ಹುಲ್ಲಿನ ಬುಡ, ಬಿಲ, ತರಗೆಲೆಗಳ ನಡುವೆ ಅಡಗಿರುತ್ತವೆ. ಅಲ್ಲಿನ ತೇವ ಹೊರಗಿನ ಗಾಳಿಯಲ್ಲಿರುವುದಿಲ್ಲ.

ಮನೆಯಲ್ಲಿ ಆಗುತ್ತಿರುವುದೇನು?

ಸಾಕುವವರು ಮರಿಯನ್ನು ಬೆಚ್ಚಗಿಡಲು ತೊಟ್ಟಿಯ ಮೇಲೆ ಬಲ್ಬು ಉರಿಸುತ್ತಾರೆ. ಬಲ್ಬಿನ ಶಾಖ ಗಾಳಿಯನ್ನು ಒಣಗಿಸುತ್ತದೆ. ಕೋಣೆಯಲ್ಲಿ ಹವಾನಿಯಂತ್ರಕವಿದ್ದರೆ ತೇವ ಮತ್ತಷ್ಟು ಇಳಿಯುತ್ತದೆ. ಮಂಗಳೂರಿನ ಹವೆಗೆ ಹೊಂದುವ ಕ್ರಮ ಬೇಸಿಗೆಯ ಕಲಬುರಗಿ, ರಾಯಚೂರುಗಳಿಗೆ ಸಾಲದು. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಬೆಂಗಳೂರಿಗೂ ಸಾಲದು.

ಸುಲ್ಕಾಟಾದಂತಹ ಮರಿಗಳಿಗೆ ಮೊದಲ ಎರಡು ವರ್ಷ ಶೇ 70ರಿಂದ 80ರಷ್ಟು ಆರ್ದ್ರತೆ ಒದಗಿಸುವುದು ಇಂದು ರೂಢಿಯಲ್ಲಿರುವ ಕ್ರಮ. ಮೇಲ್ಭಾಗ ಬಹುಮಟ್ಟಿಗೆ ಮುಚ್ಚಿದ ತೊಟ್ಟಿ, ತೇವಗೊಳಿಸಿದ ತೆಂಗಿನ ನಾರಿನ ಪುಡಿಯ ಹಾಸು, ಅಡಗಿ ಕೂರಲು ಒದ್ದೆಯಾದ ಮರೆ, ದಿನವೂ 15ರಿಂದ 20 ನಿಮಿಷ ಗಲ್ಲದ ಮಟ್ಟದ ಉಗುರು ಬೆಚ್ಚನೆಯ ನೀರಿನಲ್ಲಿ ನೆನೆಸುವಿಕೆ ಇದರ ಮುಖ್ಯ ಅಂಶಗಳು. ಆರ್ದ್ರತೆಯನ್ನು ಊಹಿಸುವ ಬದಲು ಮಾಪಕವಿಟ್ಟು ನೋಡಬೇಕು. ತೇವದ ಜೊತೆ ಬಿಸುಪೂ ಇರಲೇಬೇಕು: ರಾತ್ರಿಯೂ ಉಷ್ಣಾಂಶ 26 ಡಿಗ್ರಿಗಿಂತ ಇಳಿಯದಂತೆ ನೋಡಿಕೊಳ್ಳದಿದ್ದರೆ ಚಳಿ ಹಾಗೂ ಒದ್ದೆ ಸೇರಿ ಶ್ವಾಸಕೋಶದ ಸೋಂಕಿಗೆ ದಾರಿಯಾಗುತ್ತದೆ.

ಗುಬ್ಬು ಬೇರೆ, ಮೆತ್ತಗಾದ ಚಿಪ್ಪು ಬೇರೆ. ಎರಡನೆಯದು ಕ್ಯಾಲ್ಸಿಯಂ ಮತ್ತು 'ಡಿ3' ಜೀವಸತ್ವದ ಕೊರತೆಯಿಂದ ಬರುವ ಮೂಳೆರೋಗ, ಜೀವಕ್ಕೇ ಅಪಾಯಕಾರಿ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಇದಕ್ಕೆ ಪರಿಹಾರವಲ್ಲ. ಅಗತ್ಯವಾದ ನೇರಳಾತೀತ ಕಿರಣವನ್ನು ಗಾಜು ಬಹುಪಾಲು ತಡೆಯುತ್ತದೆ. ನೆರಳಿಗೆ ಸರಿಯಲು ಅವಕಾಶವಿರುವ ನೇರ ಬಿಸಿಲು, ಇಲ್ಲವೇ ಆ ಕಿರಣ ಸೂಸುವ ವಿಶೇಷ ದೀಪ ಬೇಕು. ಸೌತೆಕಾಯಿ, ಟೊಮೆಟೊ, ಅನ್ನ, ಬ್ರೆಡ್ಡುಗಳಿಗೆ ಬದಲಾಗಿ ಹುಲ್ಲು, ಕಳೆಸೊಪ್ಪು, ದಾಸವಾಳದ ಎಲೆ-ಹೂವು, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿ ನೀಡಬಹುದು. ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ. ಚಿಪ್ಪಿಗೆ ಎಣ್ಣೆ ಸವರುವುದು ಹೊಳಪು ತರುತ್ತದೆಯೇ ಹೊರತು ಗುಬ್ಬನ್ನು ಕರಗಿಸುವುದಿಲ್ಲ. ಒಮ್ಮೆ ಎದ್ದ ಗುಬ್ಬು ಮರಳಿ ಸಮತಟ್ಟಾಗುವುದಿಲ್ಲ. ವಾತಾವರಣ ಸರಿಪಡಿಸಿದರೆ ಮುಂದಿನ ಬೆಳವಣಿಗೆಯಷ್ಟೇ ನಯವಾದೀತು.

ಕಾನೂನಿನ ತೊಡಕು

ಇಷ್ಟೆಲ್ಲ ಆರೈಕೆ ಯಾವ ಆಮೆಗೆ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ದಕ್ಷಿಣ ಭಾರತದ ಕುರುಚಲು ಕಾಡುಗಳ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. 2022ರ ತಿದ್ದುಪಡಿಯ ನಂತರ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದ್ದು, ಕನಿಷ್ಠ ಮೂರು ವರ್ಷಗಳ ಸೆರೆವಾಸಕ್ಕೆ ಅವಕಾಶವಿದೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವೂ 2019ರಲ್ಲಿ ಈ ಆಮೆಯನ್ನು ಅತ್ಯುನ್ನತ ರಕ್ಷಣೆಯ ಪಟ್ಟಿಗೆ ಸೇರಿಸಿತು. ಕಳ್ಳಸಾಗಣೆಯಾಗಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಮರಳಿ ತರಲಾಗಿತ್ತು. ಈ ಜಾತಿಯ ಚಿಪ್ಪಿನಲ್ಲಿ ಕಾಡಿನಲ್ಲೂ ತುಸು ಉಬ್ಬು ಇರುವುದು ಸಹಜ. ಆದರೆ ಸೆರೆಯಲ್ಲಿ ಬೆಳೆದವುಗಳಲ್ಲಿ ಅದು ವಿಪರೀತಕ್ಕೆ ಹೋಗುತ್ತದೆ.

ಸುಲ್ಕಾಟಾದಂತಹ ವಿದೇಶಿ ಆಮೆಗಳ ವಿಚಾರ ಬೇರೆ. ಫೆಬ್ರುವರಿ 2024ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿ ಹೊಂದಿರುವವರು 'ಪರಿವೇಶ್' ಜಾಲತಾಣದಲ್ಲಿ ನೋಂದಾಯಿಸುವುದು ಕಡ್ಡಾಯ. ನೋಂದಣಿ ಒಡೆತನವನ್ನು ದಾಖಲಿಸುತ್ತದೆ. ತೊಟ್ಟಿಯ ಒಳಗಿನ ಹವೆಯನ್ನು ಅದು ಅಳೆಯುವುದಿಲ್ಲ. ಅಂಗೈಯಷ್ಟು ಪುಟ್ಟದಾಗಿ ಬರುವ ಸುಲ್ಕಾಟಾ ಮುಂದೆ 40 ಕಿಲೋಗೂ ಮೀರಿ ತೂಗಬಲ್ಲದು, ಹಲವು ದಶಕ ಬದುಕಬಲ್ಲದು. ಫ್ಲ್ಯಾಟಿನ ಬಾಲ್ಕನಿ ಅದಕ್ಕೆ ನೆಲೆಯಾಗಲಾರದು.

ಕೊಳ್ಳುವ ಮುನ್ನ ಈ ಲೆಕ್ಕ ಹಾಕುವುದು ವಿವೇಕ. ಈಗಾಗಲೇ ಮನೆಗೆ ಬಂದಿರುವ ಮರಿಯ ಮಟ್ಟಿಗೆ ಮೊದಲ ಎರಡು ವರ್ಷಗಳೇ ನಿರ್ಣಾಯಕ. ಆ ಅವಧಿಯ ಅಲಕ್ಷ್ಯವನ್ನು ಅದು ಆಯುಷ್ಯವಿಡೀ ಬೆನ್ನ ಮೇಲೆ ಹೊರಬೇಕಾಗುತ್ತದೆ.