ಪೈಪೇ ಇಲ್ಲದ ಕೊಳಕು

ಫ್ಯಾಕ್ಟರಿ ಕೊಳಕು ನೀರು ಬಿಟ್ಟರೆ ಪೈಪಿನ ಬಾಯಿಗೆ ಸೆನ್ಸಾರ್ ಇಡಬಹುದು. ಹಸುವಿನ ಗಂಜಲಕ್ಕೆ?

ನ್ಯೂಜಿಲೆಂಡಿನ ಟೌಪೊ ಸರೋವರದ ತಲೆನೋವು ಇದೇ. ಹುಲ್ಲುಗಾವಲಲ್ಲಿ ಬಿದ್ದ ಗಂಜಲದ ನೈಟ್ರೋಜನ್ ನೆಲಕ್ಕಿಳಿದು, ಅಂತರ್ಜಲದ ಜೊತೆ ಸರೋವರ ಸೇರೋಕೆ ಎಷ್ಟೋ ಕಡೆ ದಶಕಗಳೇ ಬೇಕು. ಅದಕ್ಕೇ ವೈಕಾಟೊ ಪ್ರಾದೇಶಿಕ ಮಂಡಳಿ ಒಂದೊಂದು ಫಾರ್ಮಿಗೂ ನೈಟ್ರೋಜನ್ ಮಿತಿ ಹಾಕಿತು. ಕಡಿಮೆ ಬಿಡೋ ರೈತರು ಮಿಕ್ಕ ಪಾಲನ್ನು ಮಾರಬಹುದು. ಮನುಷ್ಯರಿಂದ ಬರೋ ನೈಟ್ರೋಜನ್ ಶೇ. 20ರಷ್ಟು ಇಳಿಸೋಕೆ ಸಾರ್ವಜನಿಕ ಹಣವನ್ನೂ ಹಾಕಿದರು.

ಲೆಕ್ಕ ಹಾಕೋದು ಓವರ್‌ಸೀರ್ ಅನ್ನೋ ಮಾಡೆಲ್. 2021ರಲ್ಲಿ ಸರ್ಕಾರ ನೇಮಿಸಿದ ತಜ್ಞರೇ ಅದರ ಅಂಕಿಗಳ ಮೇಲೆ ಭರವಸೆ ಇಲ್ಲ ಅಂದರು. ಹಾಗಂತ ಮಿತಿಯನ್ನೇ ಬಿಡಬೇಕಾ? ಬೇಡ ಅಂತೀವಿ ನಾವು. ಮಾಡೆಲ್ ಸರಿಯಾಗಲಿ, ಮಿತಿ ಇರಲಿ. ಪಕ್ಕಾ ಅಂಕಿಗೆ ಕಾಯ್ತಾ ಕೂತರೆ, ಅಷ್ಟರಲ್ಲಿ ನೆಲಕ್ಕಿಳಿದಿದ್ದನ್ನು ಯಾವ ಎಂಜಿನಿಯರಿಂಗೂ ವಾಪಸ್ ಎಳೆಯಲ್ಲ.